ಮಾತು ಒಪ್ಪಿಸುತ್ತಿದ್ದ ಚಿತ್ರಲಿಂಗಪ್ಪ

ನಮ್ಮ ಮಾವ ಚಿತ್ರಲಿಂಗಪ್ಪನವರ ದಿನ ಶುರುವಾಗುತ್ತಿದ್ದುದೇ ಜಗಳದಿಂದ. ಹಾಗೆಂದು ಅವರು ಜಗಳಗಂಟರೇನೂ ಅಲ್ಲ. ಬೇರೆಯವರು ಎಂದೋ ಆಡಿ, ತೀರ್ಮಾನವಾಗಿ, ಮರೆತೂ ಹೋದ ಜಗಳಗಳನ್ನು ಒಬ್ಬರೇ ಕೂತು ಮತ್ತೆ ಹೇಳಿಕೊಳ್ಳುತ್ತಿದ್ದರು. ನಾನು ಕುರಿರೊಪ್ಪದಲ್ಲಿ ಹಿಕ್ಕೆ ಗುಡಿಸುತ್ತಿದ್ದರೆ ಅವರು ಬೇಲಿ ಪಕ್ಕದ ಚಪ್ಪಡಿಯ ಮೇಲೆ ಕಂಬಳಿ ಹೊದ್ದು ಕೂತು, ಒಮ್ಮೆ ಗಂಡಸಾಗಿ ಒಮ್ಮೆ ಹೆಂಗಸಾಗಿ, ಒಮ್ಮೆ ಸಿಟ್ಟಿನಲ್ಲಿ ಒಮ್ಮೆ ಅಳುವ ದನಿಯಲ್ಲಿ ಮಾತಾಡುವರು. ನಾನು ಮತ್ತೋಡು ಕಡೆಯ ಹಟ್ಟಿಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ, ಮಾವನಿಗೆ ಗಾಳಿ ಮೆಟ್ಟಿಕೊಂಡಿದೆ ಎಂದೇ ಹೆದರಿದ್ದೆ. ನನ್ನ ಗಂಡ ಪಾಲಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಆಮೇಲೆ ಗೊತ್ತಾಯಿತು. ಯಲ್ಲದಕೆರೆ ಮಗ್ಗುಲಿನ ನಮ್ಮ ಹಟ್ಟಿಯಲ್ಲಿ ನ್ಯಾಯ ನಡೆಯುತ್ತಿದ್ದುದು ಬೇವಿನ ಮರದ ಕಟ್ಟೆಯ ಮೇಲೆ. ಬೇರೆ ಊರುಗಳಲ್ಲಿ ಯಜಮಾನನಾದವನು ಎರಡೂ ಕಡೆಯ ಮಾತು ಕೇಳಿ ತೀರ್ಪು ಹೇಳಿದರೆ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ತೀರ್ಪಿಗೆ ಮುಂಚೆ ಯಜಮಾನ ಮಾತು ಒಪ್ಪಿಸಬೇಕು. ಅಂದರೆ, ಈ ಕಡೆಯವರು ಏನಂದರು, ಆ ಕಡೆಯವರು ಏನಂದರು ಎಂಬುದನ್ನು ಅವರವರದೇ ಮಾತಿನಲ್ಲಿ ಎಲ್ಲರೆದುರಿಗೆ ತಿರುಗಿ ಹೇಳಬೇಕು. ಹೇಳಿ, "ನೀನಂದಿದ್ದು ಇದೇ ಏನಪ್ಪ?" ಎಂದು ಕೇಳಬೇಕು. ಇಬ್ಬರೂ ಹೂಂ ಅಂದ ಮೇಲೆಯೇ ತೀರ್ಪು. ಒಬ್ಬರು "ನಾನಂದಿಲ್ಲ" ಎಂದರೂ ಎಲ್ಲವನ್ನೂ ಮೊದಲಿನಿಂದ ಕೇಳಬೇಕು.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಮಾವ ಯಜಮಾನಿಕೆಯ ಬೆತ್ತ ಹಿಡಿದರು. ಆಗ ಅವರಿಗೆ ಮೂವತ್ತು ದಾಟಿತ್ತಷ್ಟೆ. ಆಮೇಲೆ ವೋಟು ಬಂತು, ಪಂಚಾಯಿತಿ ಬಂತು, ಹಿರಿಯೂರಿನ ಕೋರ್ಟಿಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸು ಬರುವಂತಾಯಿತು. ಆದರೂ ನಮ್ಮವರು ಕಟ್ಟೆ ಬಿಡಲಿಲ್ಲ. ಕೋರ್ಟಿನಲ್ಲಿ ವಕೀಲರು ನಮ್ಮ ಪರವಾಗಿ ಏನೋ ಹೇಳುತ್ತಾರೆ, ನಾವು ಹೇಳಿದ್ದು ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಚಿತ್ರಲಿಂಗಪ್ಪನ ಮುಂದೆ ನಮ್ಮ ಮಾತು ನಮಗೇ ವಾಪಸು ಬರುತ್ತದೆ ಎನ್ನುತ್ತಿದ್ದರು. ಮೂರು ದಶಕ ಅವರ ಮುಂದೆ ಒಬ್ಬರೂ "ನಾನಂದಿಲ್ಲ" ಎನ್ನಲಿಲ್ಲ. ಹಟ್ಟಿಗೆ ಅದೊಂದು ಹೆಮ್ಮೆ. ನಮ್ಮ ಮನೆಗಂತೂ ಹೆಮ್ಮೆಯ ಜೊತೆಗೆ ಸ್ವಲ್ಪ ಕೊಬ್ಬೂ ಇತ್ತು ಎಂದು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಆ ನೆನಪನ್ನು ಉಳಿಸಿಕೊಳ್ಳಲಿಕ್ಕೇ ಬೆಳಗಿನ ಪಾಠ. ಹಳೆಯ ನ್ಯಾಯಗಳನ್ನು ಒಂದೊಂದಾಗಿ ತೆಗೆದು, ಅಂದು ಆಡಿದವರ ಮಾತುಗಳನ್ನು ಅಂದಿನ ದನಿಯಲ್ಲೇ ಒಪ್ಪಿಸಿಕೊಳ್ಳುವುದು. "ಕುಡುಗೋಲನ್ನೇ ದಿನಾ ಮಸೀಬೇಕು, ತಲೇನ ಮಸೀದೆ ಬಿಟ್ರೆ ಆಗುತ್ತೇನವ್ವ?" ಎನ್ನುತ್ತಿದ್ದರು. ಬರೆದಿಡಿ, ನಾನು ಏಳನೇ ಕ್ಲಾಸು ಓದಿದವಳು ಬರೆದುಕೊಡುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. ಓದಲು ಬರದವರು ಕಾಗದ ನೋಡಿ "ನಾನಂದಿಲ್ಲ" ಎಂದು ಹೇಗೆ ಹೇಳುತ್ತಾರೆ ಎಂಬುದು ಅವರ ಪ್ರಶ್ನೆ.

ಕೇಳಿ ಕೇಳಿ ಆ ಜಗಳಗಳೆಲ್ಲ ನನಗೂ ಬಾಯಿಪಾಠವಾದವು. ಅವುಗಳಲ್ಲಿ ಅವರಿಗೆ ತುಂಬ ಇಷ್ಟವಾದದ್ದು ಬರಗೇರಮ್ಮನದು. ಬರಗೇರಮ್ಮ ಹಟ್ಟಿಯ ಕೊನೆಯ ಗುಡಿಸಲಿನ ಮುದುಕಿ, ಹೆಚ್ಚು ಮಾತಿಲ್ಲದವಳು. ಹರೆಯದಲ್ಲೇ ಗಂಡನನ್ನು ಕಳೆದುಕೊಂಡಾಗ ತವರಿನವರು ಬಳುವಳಿಯಾಗಿ ಕೊಟ್ಟ ಕುರಿಗಳಿಗಾಗಿ ಅವಳಿಗೂ ಮೈದುನನಿಗೂ ವ್ಯಾಜ್ಯವಾಗಿತ್ತು. ಮಾವ ಬೆತ್ತ ಹಿಡಿದ ಮೇಲೆ ಕೇಳಿದ ಮೊದಲ ನ್ಯಾಯ ಅದು; ಕುರಿಗಳು ಮೈದುನನಿಗೆ ಹೋದವು. ಬೆಳಗ್ಗೆ ಅವಳ ಮಾತನ್ನು ಒಪ್ಪಿಸುವಾಗ ಅವರ ದನಿ ತೆಳ್ಳಗಾಗುತ್ತಿತ್ತು: "ತವರಿನ ಕುರಿ ನನ್ನವೇ ಹೌದು. ಆದ್ರೆ ಮನೆ ಒಡೀಬಾರ್ದು ಅಂತ ಮೈದುನಂಗೆ ಮನಸಾರೆ ಕೊಟ್ಟೆ. ಕೊಟ್ಟ ಮೇಲೆ ನಂದೇನೈತೆ?" ಎಂಥ ದೊಡ್ಡ ಮನಸ್ಸಿನ ಹೆಂಗಸು ನೋಡು ಎಂದು ಪ್ರತಿಸಲವೂ ನನಗೆ ಹೇಳುವರು.

ಅರವತ್ತು ದಾಟಿದ ಮೇಲೆ ಅವರಿಗೆ ಒಂದೆಲಗದ ಹುಚ್ಚು ಹಿಡಿಯಿತು. ಅದನ್ನು ತಿಂದರೆ ಬುದ್ಧಿ ಚುರುಕಾಗುತ್ತದೆಂದು ಯಾರೋ ಹೇಳಿದ್ದರು. ಪಾಲಣ್ಣ ಹಿರಿಯೂರಿಗೆ ಹೋದಾಗಲೆಲ್ಲ ವೇದಾವತಿ ಕಾಲುವೆಯ ಅಂಚಿನಿಂದ ಆ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ತರಬೇಕು, ನಾನು ಚಟ್ನಿ ಅರೆಯಬೇಕು. ಮೊದಮೊದಲು ಮುದುಕರ ಚಪಲ ಎಂದುಕೊಂಡೆ. ಒಂದು ದಿನ ಸೊಪ್ಪು ತರಲಿಲ್ಲವೆಂದು ಮಗನ ಮೇಲೆ ಅವರು ಕಿರುಚಾಡಿದಾಗ, ಆ ಮುಖದಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು.

ಆಮೇಲೆ ನಾನು ಮೈಯೆಲ್ಲ ಕಿವಿಯಾಗಿ ಬೆಳಗಿನ ಪಾಠ ಕೇಳತೊಡಗಿದೆ. ಹಳೆಯದೊಂದೂ ಅಕ್ಷರ ತಪ್ಪುತ್ತಿರಲಿಲ್ಲ. ಆದರೆ ಹಿಂದಿನ ತಿಂಗಳು ನಡೆದ ನ್ಯಾಯ ಆ ಪಾಠದೊಳಗೆ ಬರುತ್ತಲೇ ಇರಲಿಲ್ಲ. ನಾನೇ ಕೆದಕಿ ಕೇಳಿದರೆ ಮಾತು ತೇಲಿಸಿ ಹಳೆಯದಕ್ಕೇ ಹೋಗುವರು. ಗಂಡನಿಗೆ ಹೇಳಿದೆ.

"ಲೇ, ಅಪ್ಪಯ್ಯಂಗೆ ಮರೆವಾ? ನಿಂಗೆ ಸಾರಿಗೆ ಉಪ್ಪು ಹಾಕಾದು ಮರೀತೈತೆ, ಮೊದ್ಲು ಅದನ್ನ ನೋಡ್ಕ" ಎಂದ.

ಗಂಡಸರಿಗೆ ಅಪ್ಪನ ಹೆಸರು ತಮ್ಮ ತಲೆಯ ರುಮಾಲಿಗಿಂತ ಮೇಲೆ. ಅದು ಜಾರುತ್ತಿದೆ ಎಂದರೆ ಅವರ ಕಿವಿಗೆ ಹೋಗುವುದಿಲ್ಲ. ನಾನು ಬಾಯಿ ಒಣಗಿಸಿಕೊಂಡಿದ್ದೇ ಬಂತು.

ಅಷ್ಟರಲ್ಲಿ ಕಾಳಕ್ಕನ ನ್ಯಾಯ ಬಂತು. ಕಾಳಕ್ಕ ನನ್ನ ಓರಗೆಯವಳು. ಆ ವರ್ಷವೇ ಗಂಡ ತೀರಿಕೊಂಡಿದ್ದ. ಅವಳ ತವರಿನವರು ಕೊಟ್ಟ ಬಳುವಳಿ ಕುರಿ ಮರಿಯಾಗಿ, ಮರಿಗೆ ಮರಿಯಾಗಿ ಒಂದು ಮಂದೆಯೇ ಆಗಿತ್ತು. ಅವಳಿಗೆ ಇದ್ದ ಆಸರೆ ಅದೊಂದೇ. ಮೈದುನ ಗೋವಿಂದಪ್ಪ ಅವನ್ನು ತನ್ನ ಕುರಿಗಳ ಜೊತೆ ಮೇಯಿಸುತ್ತಿದ್ದ. ಈಗ, ಅವೆಲ್ಲ ನನ್ನವು, ಅತ್ತಿಗೆ ಬಿಟ್ಟುಕೊಟ್ಟಾಗಿದೆ ಎಂದು ಕೂತಿದ್ದ. ಬರುವ ಬುಧವಾರ ಮಂದೆ ಮತ್ತೋಡಿನ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆ ನಿಲ್ಲಲು ಹೊರಡುವುದಿತ್ತು. ನಮ್ಮಲ್ಲಿ ಒಂದೊಂದು ಮನೆಗೆ ಒಂದೊಂದು ಕಿವಿ ಗುರುತು. ಕಾಳಕ್ಕನ ಕುರಿಗಳಿಗೆ ಎಡಗಿವಿಯ ತುದಿ ಸೀಳಿತ್ತು. ಹೊರಡುವ ಮುನ್ನ ಅವುಗಳ ಬಲಗಿವಿಯನ್ನೂ ತನ್ನ ಗುರುತಿಗೆ ಕೊಯ್ಯುತ್ತೇನೆ ಎಂದು ಗೋವಿಂದಪ್ಪ ಸಾರಿಬಿಟ್ಟಿದ್ದ. ಕೊಯ್ದ ಕಿವಿ ಮತ್ತೆ ಕೂಡುವುದಿಲ್ಲವಲ್ಲ, ಅದಕ್ಕೇ ಅವಳು ಓಡೋಡಿ ಕಟ್ಟೆಗೆ ಬಂದಳು.

ಭಾನುವಾರ ಬಿಸಿಲು ಇಳಿದ ಮೇಲೆ ಹಟ್ಟಿಯೆಲ್ಲ ಸೇರಿತು. ಕಾಳಕ್ಕ ಸೆರಗು ಬಿಗಿದು ನಿಂತು ಸ್ಪಷ್ಟವಾಗಿ ಹೇಳಿದಳು: "ನಮ್ಮಪ್ಪ ಕೊಟ್ಟ ಕುರಿ. ನನ್ನ ಗಂಡ ಇದ್ದಾಗ್ಲೂ ಅವು ನನ್ನವೇ. ಮೈದುನ ಮೇಯಿಸಿದ್ದು ನಿಜ, ಅದಕ್ಕೆ ಉಣ್ಣೆ ಅವನೇ ತಗಂಡವ್ನೆ. ನಾನು ಮೇಯಿಸಾಕೆ ಕೊಟ್ಟೆ. ಇಟ್ಕಳಾಕೆ ಕೊಟ್ಟಿಲ್ಲ."

ಗೋವಿಂದಪ್ಪ ತನ್ನದನ್ನು ಹೇಳಿದ. ಮಾವ ಕಣ್ಣು ಮುಚ್ಚಿಕೊಂಡು ಇಬ್ಬರದನ್ನೂ ಕೇಳಿದರು. ಆಮೇಲೆ ಮಾತು ಒಪ್ಪಿಸಿದರು. ಗೋವಿಂದಪ್ಪನದು ಸರಿಯಾಗಿಯೇ ಬಂತು. ಕಾಳಕ್ಕನದು ಶುರುವಾದಾಗ ಅವರ ದನಿ ತೆಳ್ಳಗಾಯಿತು, ಮುಂದೆ ಬರುವುದು ಏನೆಂದು ನನಗೆ ಆಗಲೇ ತಿಳಿಯಿತು.

"ತವರಿನ ಕುರಿ ನನ್ನವೇ ಹೌದು. ಆದ್ರೆ ಮನೆ ಒಡೀಬಾರ್ದು ಅಂತ ಮೈದುನಂಗೆ ಮನಸಾರೆ ಕೊಟ್ಟೆ. ಕೊಟ್ಟ ಮೇಲೆ ನಂದೇನೈತೆ?" ಎಂದರು. "ನೀನಂದಿದ್ದು ಇದೇ ಏನವ್ವ?"

ಕಾಳಕ್ಕ ಬೆಪ್ಪಾಗಿ ನೋಡಿದಳು. "ಇಲ್ಲ ಯಜಮಾನ್ರೆ. ನಾನು ಹಂಗಂದಿಲ್ಲ."

ಹಟ್ಟಿಯ ಜನಕ್ಕೆ ಕೇಳಿಸಿಕೊಂಡದ್ದು ಮರೆತೇ ಹೋಯಿತೆ? ಅವಳ ಮಾತು ಮುಗಿದು ಒಂದು ಬೀಡಿ ಸೇದುವಷ್ಟು ಹೊತ್ತೂ ಆಗಿರಲಿಲ್ಲ. ಆದರೆ ಕಟ್ಟೆಯಲ್ಲಿ ಯಾರೂ ಆಡಿದವರ ಮಾತನ್ನು ಗಮನವಿಟ್ಟು ಕೇಳುತ್ತಿರಲಿಲ್ಲ, ಚಿತ್ರಲಿಂಗಪ್ಪ ಹೇಗಿದ್ದರೂ ತಿರುಗಿ ಹೇಳುತ್ತಾರಲ್ಲ ಎಂದು ಹರಟೆ ಹೊಡೆಯುತ್ತಿದ್ದರು. ಅವರ ನೆನಪಿನ ಮೇಲೆ ಭಾರ ಹಾಕಿ ಇಡೀ ಹಟ್ಟಿ ತನ್ನ ಕಿವಿಯನ್ನು ಮನೆಯಲ್ಲಿಟ್ಟು ಬರುತ್ತಿತ್ತು. ಹಿರಿಯ ಕರಿಯಣ್ಣ ಎದ್ದು, "ಯಜಮಾನ್ರು ಒಂದಕ್ಷರ ತಪ್ಪಿದೋರಲ್ಲ. ನೀನೇ ಮಾತು ತಿರುಗಿಸ್ತಿದ್ದೀಯ ಕಾಳಕ್ಕ" ಎಂದ. ಹೌದು ಹೌದು ಎಂದು ನಾಲ್ಕೂ ಕಡೆಯಿಂದ ದನಿ ಬಂತು.

ಕಾಳಕ್ಕ ಅಳತೊಡಗಿದಳು. "ನನ್ನ ಮಕ್ಕಳಾಣೆ, ನಾನಂದಿಲ್ಲ" ಎಂದಳು. ನಾನೂ ಎದ್ದು, "ಮಾವ, ಅದು ಕಾಳಕ್ಕಂದಲ್ಲ" ಎಂದೆ. ಸೊಸೆಯಾದವಳು ಕಟ್ಟೆಯ ಮುಂದೆ ಬಾಯಿ ಹಾಕುವುದೆಂದರೇನು? ಪಾಲಣ್ಣ ಕಣ್ಣು ಕೆಂಪಗೆ ಮಾಡಿ ನನ್ನನ್ನು ಕೂರಿಸಿದ. ಮಾವ ಕಾಳಕ್ಕನ ಮುಖ ನೋಡಿದರು, ಜನರ ಮುಖ ನೋಡಿದರು. ಆಮೇಲೆ, "ನಂಗೆ ಚೆನ್ನಾಗಿ ನೆನಪೈತೆ ಕಣವ್ವ" ಎಂದು ಹೇಳಿ, ಕುರಿಗಳು ಗೋವಿಂದಪ್ಪನಿಗೆ ಎಂದು ತೀರ್ಪು ಕೊಟ್ಟುಬಿಟ್ಟರು.

ಅವತ್ತು ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಮನೆಗೆ ಬಂದವಳೇ ಮುದ್ದೆಯ ತಟ್ಟೆಯನ್ನು ಅವರ ಮುಂದೆ ಕುಕ್ಕಿದೆ.

"ಮಾವ, ನೀವು ಒಪ್ಪಿಸಿದ್ದು ಬರಗೇರಮ್ಮನ ಮಾತು. ದಿನಾ ಬೆಳಗ್ಗೆ ರೊಪ್ಪದ ತಾವ ಹೇಳ್ತೀರಲ್ಲ, ಅದೇ."

ಅವರ ಕೈ ತಟ್ಟೆಯ ಮೇಲೆಯೇ ನಿಂತಿತು. "ಕಾಳಕ್ಕ ಏನಂದ್ಲು ಹಂಗಾದ್ರೆ?"

ನಾನು ಅವಳ ಮಾತನ್ನು ಒಂದೂ ಬಿಡದೆ ಹೇಳಿದೆ. ಅವರು ತುಟಿ ಅಲ್ಲಾಡಿಸುತ್ತ ಕೇಳಿದರು. ಹೇಳಿ ನೋಡಿದರು. "ನಮ್ಮಪ್ಪ ಕೊಟ್ಟ ಕುರಿ" ಎಂದು ಶುರು ಮಾಡಿದ್ದು ಎರಡು ಹೆಜ್ಜೆ ಹೋಗಿ ಮತ್ತೆ "ಮನೆ ಒಡೀಬಾರ್ದು ಅಂತ" ಎಂದು ಹೊರಳಿತು. ಇನ್ನೊಮ್ಮೆ, ಮತ್ತೊಮ್ಮೆ. ಪ್ರತಿಸಲವೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ದಿನಾ ತುಳಿದ ದಾರಿಗೆ ಕುರಿ ತಾನಾಗಿ ತಿರುಗುತ್ತದಲ್ಲ, ಹಾಗೆ. ಯಾವ ಪಾಠದಿಂದ ತಲೆ ಉಳಿಯುತ್ತದೆಂದು ನಂಬಿದ್ದರೋ ಅದೇ ಪಾಠ ಹೊಸದಕ್ಕೆ ಜಾಗವಿಲ್ಲದಂತೆ ಮಾಡಿತ್ತು. ನನ್ನ ಸಿಟ್ಟೆಲ್ಲ ಇಳಿದು ದುಃಖ ಉಕ್ಕಿತು.

"ಎಷ್ಟು ದಿನದಿಂದ ಹಿಂಗೆ?" ಎಂದು ಕೇಳಿದರು.

"ಒಂದೆರಡು ವರ್ಷ ಆಗಿರಬೈದು ಮಾವ."

ಪಾಲಣ್ಣ ಗೋಡೆಗೆ ಒರಗಿ ನಿಂತಿದ್ದವನು ಹೊರಗೆ ಹೋದ. ಮಾವ ಊಟ ಮುಟ್ಟಲಿಲ್ಲ.

ಸೋಮವಾರ, ಮಂಗಳವಾರ ಅವರು ಚಪ್ಪಡಿಯ ಮೇಲೆ ಕೂರಲಿಲ್ಲ. ನಾನು ಕೇಳಿದೆ, ಬೈದೆ, ಕಾಲು ಹಿಡಿದೆ. ತಪ್ಪಾಯಿತೆಂದು ಹೇಳಿ ಬನ್ನಿ, ಬುಧವಾರ ಬೆಳಗ್ಗೆ ಕಿವಿ ಕೊಯ್ದರೆ ಆಮೇಲೆ ಯಾರಿಂದಲೂ ಆಗುವುದಿಲ್ಲ ಎಂದೆ. "ಬೆತ್ತ ಕೆಳಗಿಟ್ರೆ ನಾನು ಯಾರವ್ವ?" ಎಂದು ಅವರು ಕೇಳಿದ್ದು ನನ್ನನ್ನಲ್ಲ ಅನಿಸುತ್ತದೆ. ಆ ಮಾತು ಈಗಲೂ ನನ್ನನ್ನು ಕೊರೆಯುತ್ತದೆ.

ಬುಧವಾರ ಬೆಳಕು ಹರಿಯುವಾಗ ಅವರು ರುಮಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಡಿ, ಹೋಗಾಣ" ಎಂದರು.

ಗೋವಿಂದಪ್ಪನ ರೊಪ್ಪದ ಮುಂದೆ ಮಂದೆ ಹೊರಡಿಸಲು ಹಟ್ಟಿಯವರೆಲ್ಲ ಸೇರಿದ್ದರು. ಕೊಯ್ಯುವ ಕತ್ತರಿ ಕಲ್ಲಿನ ಮೇಲಿತ್ತು. ಕಾಳಕ್ಕ ದೂರದಲ್ಲಿ ಬೇಲಿ ಹಿಡಿದು ನಿಂತಿದ್ದಳು. ಮಾವ ನೆಟ್ಟಗೆ ಹೋಗಿ, "ನಿಲ್ಸಪ್ಪ ಗೋವಿಂದ. ಭಾನುವಾರ ನಾನು ಒಪ್ಪಿಸಿದ ಮಾತು ತಪ್ಪು. ಅದು ಈ ಹೆಣ್ಣುಮಗಳದಲ್ಲ. ನನ್ನ ತಲೆ ಮೊದಲಿನಂಗಿಲ್ಲ" ಎಂದರು.

ಆಮೇಲೆ ಗೋವಿಂದಪ್ಪ ನಿಧಾನವಾಗಿ ಬಾಯಿ ತೆರೆದ. ಅವನು ಕೆಟ್ಟವನಿರಬಹುದು, ದಡ್ಡನಲ್ಲ.

"ತಲೆ ಸರಿಯಿಲ್ಲ ಅಂತ ನೀವೇ ಅಂತೀರಿ. ಭಾನುವಾರ ಸರಿಯಿತ್ತು, ಇವತ್ತು ಕೆಟ್ಟೈತೆ ಅಂತ ಯಾಕೆ ತಿಳೀಬಾರ್ದು? ಸೊಸೆ ಏನು ಹೇಳಿಕೊಟ್ಲೋ ಅದನ್ನ ಹೇಳ್ತಿದ್ದೀರಿ. ಕಾಳಕ್ಕ ಏನಂದ್ಲು, ಈಗ ಒಪ್ಪಿಸ್ರಿ ನೋಡಾಣ."

ಮಾವನ ತುಟಿ ಅಲ್ಲಾಡಿತು. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು, ಒಪ್ಪಿಸಲು ಹೋದರೆ ಮತ್ತೆ ಬರಗೇರಮ್ಮನೇ ಬರುತ್ತಾಳೆ ಎಂದು. ಜನ ಕಾಯುತ್ತಿದ್ದರು. ಕಾಳಕ್ಕನ ಕುರಿಗಳೆಲ್ಲ ಮುದುಕರೊಬ್ಬರ ನಾಲಿಗೆಯ ಮೇಲೆ ನಿಂತಿದ್ದವು. ನಾನು ಕಣ್ಣು ಮುಚ್ಚಿಕೊಂಡೆ.

"ನಂಗೆ ಬರಾದಿಲ್ಲಪ್ಪ" ಎಂದರು ಮಾವ. "ಬರಬೇಕಾಗೂ ಇಲ್ಲ. ಮಾತು ಒಪ್ಪಿಸಿದ ಮೇಲೆ 'ನೀನಂದಿದ್ದು ಇದೇನಾ' ಅಂತ ಯಾಕೆ ಕೇಳ್ತೀವಿ? ಯಜಮಾನ ತಪ್ತಾನೆ ಅಂತ್ಲೇ ನಮ್ಮ ಹಿರೇರು ಅದನ್ನ ಮಡಗಿದ್ದು. ಅವಳು ಇಲ್ಲ ಅಂದ್ಲು. ಅಲ್ಲಿಗೆ ನಾನು ನಿಲ್ಲಿಸಬೇಕಾಗಿತ್ತು. ಅವಳು ಇಲ್ಲ ಅಂದಿದ್ದು ನಿಮಗೆಲ್ಲ ನೆನಪೈತಾ ಇಲ್ವಾ, ಅಷ್ಟು ಹೇಳ್ರಿ."

ಮಾವ ಕರಿಯಣ್ಣನ ಕಡೆ ತಿರುಗಿ, "ನೀನು ಹೇಳು ಕರಿಯಣ್ಣ" ಎಂದರು. ಕರಿಯಣ್ಣ ನೆಲ ನೋಡಿದ. "ಇಲ್ಲ ಅಂದಿದ್ದು ನಿಜ. ಎರಡು ಸಲ ಅಂದ್ಲು" ಎಂದ.

"ಹಂಗಾದ್ರೆ ತೀರ್ಪೇ ಆಗಿಲ್ಲ. ಕತ್ತರಿ ಒಳಗಿಡಪ್ಪ" ಎಂದು ಮಾವ ಬೆತ್ತವನ್ನು ಕರಿಯಣ್ಣನ ಕೈಗೆ ಕೊಟ್ಟರು. ಕತ್ತರಿ ಒಳಗೆ ಹೋಯಿತು. ಹದಿನೈದು ದಿನದೊಳಗೆ ಕರಿಯಣ್ಣ ಗೋವಿಂದಪ್ಪನನ್ನು ಕರೆಸಿ ಮತ್ತೆ ಎಲ್ಲವನ್ನೂ ಕೇಳಿದ. ಈ ಸಲ ಹಟ್ಟಿಯವರೆಲ್ಲ ಹರಟೆ ಬಿಟ್ಟು ಕಿವಿಗೊಟ್ಟರು. ಕಾಳಕ್ಕನ ಕುರಿ ಕಾಳಕ್ಕನಿಗೇ ಉಳಿದವು. ಅದರ ಸಂತೋಷ ನನಗೆ ಇಂದಿಗೂ ಇದೆ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಮಂದೆ ಹೊರಟ ಆ ಬೆಳಗ್ಗೆಯೇ ಗೋವಿಂದಪ್ಪ ಒಂದು ಮಾತು ಎಸೆದು ಹೋಗಿದ್ದ: "ಇದು ತಪ್ಪಾದ್ರೆ ಇನ್ನೆಷ್ಟು ತಪ್ಪೋ?" ಆ ಮಾತು ಮನೆಮನೆ ಹೊಕ್ಕಿತು. ಮುಂಚೆ ತೀರ್ಪಿಗೆ ಬರುತ್ತಿದ್ದವರು ಈಗ ಲೆಕ್ಕ ಕೇಳಲು ಬಂದರು. ಜಮೀನಿನ ಬದು ಹೋದವನು ಬಂದ, ಸೊಸೆಯನ್ನು ತವರಿಗೆ ಕಳಿಸಿದವನು ಬಂದ. "ನನ್ನ ಮಾತು ನೀವು ಸರಿಯಾಗಿ ಒಪ್ಪಿಸಿದ್ರಾ?" ಎಂದು ಕೇಳುವರು. ಅವತ್ತು ಹೂಂ ಅಂದವರು ನೀವೇ ಅಲ್ಲವೇ ಎಂದು ನಾನು ಹರಿಹಾಯುತ್ತಿದ್ದೆ. ಮಾವ ನನ್ನನ್ನು ತಡೆಯುವರು. "ಗೊತ್ತಿಲ್ಲಪ್ಪ. ಈ ಎರಡು ವರ್ಷದ್ದು ನಾನು ಹೇಳಲಾರೆ. ಅದಕ್ಕೆ ಮುಂಚಿನದಕ್ಕೆ ನನ್ನ ತಲೆ ಗಟ್ಟಿ ಇತ್ತು, ಅದನ್ನ ನಂಬು" ಎನ್ನುವರು. ಆ ಒಂದು ನಂಬಿಕೆಯನ್ನು ಅವರು ಬಿಗಿಯಾಗಿ ಹಿಡಿದಿದ್ದರು. ಅದಾದರೂ ಉಳಿಯಲಿ ಎಂದು ನಾನೂ ಬೇಡಿಕೊಂಡೆ.

ಎಲ್ಲರೂ ಬಂದು ಹೋದ ಮೇಲೆ, ಒಂದು ಮಧ್ಯಾಹ್ನ, ಬರಗೇರಮ್ಮ ಬಂದಳು. ನಾನು ಜಗಲಿಯ ಮೇಲೆ ಕಂಬಳಿ ಹಾಸಿ, "ಕುಂತ್ಕಳ್ರಿ ಅಜ್ಜಿ" ಎಂದೆ. ಅವಳು ಕೂರಲಿಲ್ಲ.

"ಅಣ್ಣಯ್ಯ, ಅವತ್ತು ಭಾನುವಾರ ನೀನು ನನ್ನ ಮಾತು ಕಾಳಕ್ಕನ ಬಾಯಿಗೆ ಇಟ್ಟೆ. ಕೇಳಿ ನನ್ನ ಮೈ ಉರೀತು" ಎಂದಳು.

"ತಪ್ಪಾತವ್ವ. ನಿನ್ನ ಮಾತು ನಿಂದೇ."

"ಅದು ನಂದೂ ಅಲ್ಲ."

ಮಾವ ತಲೆ ಎತ್ತಿದರು.

"ಮನಸಾರೆ ಕೊಟ್ಟೆ ಅಂತ ನಾನು ಯಾವತ್ತೂ ಅಂದಿಲ್ಲ ಅಣ್ಣಯ್ಯ. ನೀನು ಹೊಸ ಯಜಮಾನ, ಹರೆಯದೋನು. ಅಷ್ಟು ಚೆಂದಾಗಿ ಹೇಳ್ದೆ, ಎಲ್ರೂ ತಲೆ ಆಡಿಸಿದ್ರು. ನಾನೇ ಹಂಗಂದಿದ್ದೆನೇನೋ ಅನ್ನುಸ್ತು. ಹೂಂ ಅಂದುಬಿಟ್ಟೆ. ಮನೆಗೆ ಹೋದ ಮೇಲೆ ಗೊತ್ತಾತು, ಅಂದಿಲ್ಲ ಅಂತ."

ಮೂವತ್ತು ವರ್ಷಕ್ಕೂ ಮಿಕ್ಕಿ ಅವರು ಪ್ರತಿ ಬೆಳಗ್ಗೆ ಒಪ್ಪಿಸಿ ಒಪ್ಪಿಸಿ ತಲೆ ಮಸೆದುಕೊಂಡಿದ್ದು ಆಕೆ ಆಡದೇ ಇದ್ದ ಮಾತಿನ ಮೇಲೆ. ತಲೆ ಗಟ್ಟಿಯಿದ್ದಾಗಲೇ, ಚುರುಕಾಗಿದ್ದಾಗಲೇ ಅದು ತಪ್ಪಿತ್ತು. ಬರಗೇರಮ್ಮನ ಕುರಿಗಳ ಸಂತತಿ ಯಾವ ಮಂದೆಯಲ್ಲಿ ಕರಗಿ ಹೋಯಿತೋ, ಯಾವ ಸಂತೆಯಲ್ಲಿ ಮಾರಿಹೋಯಿತೋ, ಅದನ್ನು ಯಾರೂ ತಂದುಕೊಡಲಾರರು. ಅವಳು ಬದುಕೆಲ್ಲ ಬೇರೆಯವರ ಕುರಿ ಕಾದಳು.

ಮಾವ, "ಅವತ್ತು ನೀನಂದಿದ್ದು ಏನವ್ವ?" ಎಂದು ಕೇಳಿದರು.

"ಮನೆ ಒಡೀಬಾರ್ದು ಅಂತ ಬಾಯಿ ಮುಚ್ಕಂಡಿದ್ದೆ. ಮುಚ್ಕಂಡಿದ್ದನ್ನ ಕೊಟ್ಟೆ ಅಂತ ತಿಳ್ಕಬ್ಯಾಡ್ರಿ. ಹಂಗಂದಿದ್ದೆ."

ಮಾವ ಜಗಲಿಯಿಂದ ಇಳಿದು ಅವಳ ಮುಂದೆ ನೆಲದ ಮೇಲೆ ಕೂತರು. "ಮನೆ ಒಡೀಬಾರ್ದು ಅಂತ..." ಎಂದು ಶುರು ಮಾಡಿದರು. ನಾಲಿಗೆ "ಮನಸಾರೆ" ಎಂದಿತು. ಬರಗೇರಮ್ಮ "ಅಲ್ಲ" ಎಂದಳು. ಮತ್ತೆ ಶುರು ಮಾಡಿದರು, ಮತ್ತೆ ಅವಳು "ಅಲ್ಲ" ಎಂದಳು. ಮುದುಕಿಯ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು, ಪಾಲಣ್ಣ ಕುರಿ ಹೊಡೆದುಕೊಂಡು ಬಂದವನು ಬಾಗಿಲಲ್ಲೇ ನಿಂತ. ಅವಳು ಹೂಂ ಅನ್ನುವವರೆಗೂ ನಮ್ಮ ಮಾವ ನೆಲ ಬಿಟ್ಟು ಏಳಲಿಲ್ಲ.